ಡ್ರಾಫ್ಟ್‌ನಲ್ಲಿ ಯಾರೂ ಕರೆಯದ ಲೂ ಡಾರ್ಟ್ ಹಾರ್ಡನ್‌ಗೆ ಅಡ್ಡ ನಿಂತದ್ದು ಹೇಗೆ?

ಪ್ರತಿ ಸೀಸನ್ ಮುಗಿದಾಗ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಅತ್ಯುತ್ತಮ ಡಿಫೆಂಡರ್‌ಗಳನ್ನು ಆರಿಸಿ ಎರಡು ತಂಡ ಪ್ರಕಟಿಸುತ್ತದೆ. ಮತ ಹಾಕುವವರು ಪತ್ರಕರ್ತರು ಮತ್ತು ಪ್ರಸಾರಕರು. 2024-25ರ ಮೊದಲ ತಂಡದಲ್ಲಿದ್ದ ಇಬ್ಬರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಟ್ಲಾಂಟಾ ಹಾಕ್ಸ್‌ನ ಡೈಸನ್ ಡೇನಿಯಲ್ಸ್ ಪಂದ್ಯಕ್ಕೆ ಸರಾಸರಿ 3 ಬಾರಿ ಎದುರಾಳಿಯಿಂದ ಚೆಂಡು ಕಸಿದಿದ್ದರು. ಒಕ್ಲಹೋಮ ಸಿಟಿ ಥಂಡರ್‌ನ ಲೂ ಡಾರ್ಟ್ ಕಸಿದದ್ದು ಪಂದ್ಯಕ್ಕೆ ಸುಮಾರು ಒಂದೇ ಬಾರಿ. ಎದುರಾಳಿಯ ಶಾಟ್‌ಗೆ ಕೈ ಕೊಟ್ಟು ತಡೆಯುವ ಬ್ಲಾಕ್ ಅಂತೂ ಎರಡು ಪಂದ್ಯಕ್ಕೊಂದು ಬಂದರೆ ಹೆಚ್ಚು. ಆದರೂ ಇಬ್ಬರೂ ಒಂದೇ ಪಟ್ಟಿಯಲ್ಲಿ, ಒಂದೇ ದರ್ಜೆಯಲ್ಲಿದ್ದಾರೆ.

ಡೇನಿಯಲ್ಸ್ ಯಾಕೆ ಪಟ್ಟಿಯಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಡಾರ್ಟ್ ಯಾಕೆ ಇದ್ದಾರೆ ಎಂದು ಹೇಳಬೇಕಾದರೆ ಮಾತ್ರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿಫೆನ್ಸ್ ಅಂದರೆ ಏನು ಎಂಬಲ್ಲಿಂದಲೇ ಶುರು ಮಾಡಬೇಕಾಗುತ್ತದೆ. ಅದಕ್ಕೂ ಹಿಂದೆ ಹೋಗಿ, ಇಂಥ ಆಟಗಾರನನ್ನು 2019ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 30 ತಂಡಗಳೂ ಹೇಗೆ ಕೈಬಿಟ್ಟವು ಎಂಬುದನ್ನೂ ನೋಡಬೇಕು.

ಡಾರ್ಟ್ ಕೆನಡಾದವರು. ಹೈಟಿಯಿಂದ ವಲಸೆ ಬಂದ ದಂಪತಿಯ ಮಗ, ಫ್ರೆಂಚ್ ಮಾತಾಡುವ ಮಾಂಟ್ರಿಯಲ್ ನಗರದ ಉತ್ತರ ಭಾಗದ ಬಡಾವಣೆಯಲ್ಲಿ ಬೆಳೆದವರು. ಬ್ಯಾಸ್ಕೆಟ್‌ಬಾಲ್‌ಗಾಗಿ ಹೈಸ್ಕೂಲ್ ದಿನಗಳಲ್ಲೇ ಫ್ಲಾರಿಡಾ, ಒಂಟಾರಿಯೊ ಎಂದು ಊರೂರು ಸುತ್ತಿ ಕೊನೆಗೆ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಸೇರಿದರು. ಅಲ್ಲಿ ಆಡಿದ ಒಂದೇ ವರ್ಷದಲ್ಲಿ ಪಂದ್ಯಕ್ಕೆ 16 ಪಾಯಿಂಟ್ ಗಳಿಸಿ ತಮ್ಮ ಕಾನ್ಫರೆನ್ಸ್‌ನ (ಪರಸ್ಪರ ಆಡುವ ಕಾಲೇಜುಗಳ ಗುಂಪಿನ) ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡರು. ಮೊದಲ ಸುತ್ತಿನ ಕೊನೆಯಲ್ಲೋ ಎರಡನೇ ಸುತ್ತಿನಲ್ಲೋ ಯಾರಾದರೂ ಕರೆದೇ ಕರೆಯುತ್ತಾರೆ ಎಂಬುದು ಎಲ್ಲರ ಲೆಕ್ಕಾಚಾರವಾಗಿತ್ತು.

2019ರ ಜೂನ್ 20ರ ರಾತ್ರಿ ಬ್ರೂಕ್ಲಿನ್‌ನಲ್ಲಿ ಡ್ರಾಫ್ಟ್ ನಡೆಯಿತು. ಎರಡು ಸುತ್ತು, ಒಟ್ಟು 60 ಹೆಸರು. ಮೊದಲ ಹೆಸರು ಜಯಾನ್ ವಿಲಿಯಮ್ಸನ್. ಅರವತ್ತರ ಪಟ್ಟಿ ಮುಗಿದರೂ ಡಾರ್ಟ್ ಹೆಸರು ಬರಲೇ ಇಲ್ಲ.

ತಂಡಗಳ ಕಡೆಯಿಂದ ನೋಡಿದರೆ ಇದು ಅಷ್ಟೇನೂ ವಿಚಿತ್ರವಲ್ಲ. ಡ್ರಾಫ್ಟ್‌ಗೆ ಬರುವವರಲ್ಲಿ ಹೆಚ್ಚಿನವರು ಹತ್ತೊಂಬತ್ತು-ಇಪ್ಪತ್ತರ ಹುಡುಗರು. ತಂಡಗಳು ಕೊಳ್ಳುವುದು ಅವರ ಈಗಿನ ಆಟವನ್ನಲ್ಲ, ಐದು ವರ್ಷದ ನಂತರದ ಆಟದ ಅಂದಾಜನ್ನು. ಆ ಅಂದಾಜಿಗೆ ಎತ್ತರ, ತೋಳಿನ ಉದ್ದ, ಶೂಟಿಂಗ್ ಆಧಾರ. ಡಾರ್ಟ್ ಎತ್ತರ 6 ಅಡಿ 4 ಇಂಚು, ಎನ್‌ಬಿಎ ಮಟ್ಟದಲ್ಲಿ ಇದು ಸಾಧಾರಣ. ಕಾಲೇಜಿನಲ್ಲಿ ಅವರ ತ್ರೀ-ಪಾಯಿಂಟ್ ಶಾಟ್‌ಗಳಲ್ಲಿ (ದೂರದ ಗೆರೆಯ ಹೊರಗಿಂದ ಎಸೆದವು) ಬುಟ್ಟಿಗೆ ಬಿದ್ದದ್ದು ನೂರಕ್ಕೆ ಮೂವತ್ತೊಂದರ ಆಸುಪಾಸು. ಚೆಂಡು ಸಿಕ್ಕರೆ ತಲೆ ತಗ್ಗಿಸಿ ನುಗ್ಗುವ ಸ್ವಭಾವ ಬೇರೆ. ಡಿಫೆನ್ಸ್ ಚೆನ್ನಾಗಿದೆ ಎಂದು ಎಲ್ಲರೂ ಬರೆದುಕೊಂಡಿದ್ದರು, ಆದರೆ ಕಾಲೇಜಿನಲ್ಲಿ ತನಗಿಂತ ಸಣ್ಣ ಮೈಕಟ್ಟಿನ ಹುಡುಗರನ್ನು ತಡೆದವನು ಎನ್‌ಬಿಎಯಲ್ಲೂ ತಡೆಯುತ್ತಾನೆಂದು ನಂಬುವುದು ಹೇಗೆ? ಶೂಟಿಂಗ್‌ಗಾದರೆ ಶೇಕಡಾವಾರು ಲೆಕ್ಕ ಇದೆ. ಡಿಫೆನ್ಸ್‌ಗೆ ಇರುವುದು ನೋಡಿದವರ ಅಭಿಪ್ರಾಯ ಮಾತ್ರ.

ಡ್ರಾಫ್ಟ್‌ನಲ್ಲಿ ಹೆಸರು ಬರದವರಿಗೆ ಒಂದು ಅನುಕೂಲವೂ ಇದೆ. 55ನೆಯವನಾಗಿ ಆಯ್ಕೆಯಾದರೆ ಕರೆದ ತಂಡದ ಹಿಡಿತದಲ್ಲಿ ಸಿಕ್ಕಿಕೊಂಡಂತೆ; ಯಾರೂ ಕರೆಯದಿದ್ದರೆ ಇಷ್ಟ ಬಂದ ತಂಡದ ಜೊತೆ ಮಾತಾಡಬಹುದು. ಎಷ್ಟೋ ಏಜೆಂಟರು ಕೊನೆಯ ಹತ್ತಾರು ಆಯ್ಕೆಗಳ ಹೊತ್ತಿಗೆ ತಂಡಗಳಿಗೆ ಫೋನ್ ಮಾಡಿ, ನಮ್ಮ ಹುಡುಗನನ್ನು ಕರೆಯಬೇಡಿ ಎಂದೇ ಹೇಳುತ್ತಾರೆ. ಡಾರ್ಟ್ ಒಕ್ಲಹೋಮ ಸಿಟಿಯ ಜೊತೆ ‘ಟೂ-ವೇ’ ಒಪ್ಪಂದ ಮಾಡಿಕೊಂಡರು.

ಟೂ-ವೇ ಅಂದರೆ ಒಂದು ಕಾಲು ಎನ್‌ಬಿಎಯಲ್ಲಿ, ಇನ್ನೊಂದು ಅದರ ಕೆಳಗಿನ ಜಿ ಲೀಗ್‌ನಲ್ಲಿ. 2017ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಆಗ ಪ್ರತಿ ತಂಡಕ್ಕೆ ಇಬ್ಬರಿಗೆ ಮಾತ್ರ ಜಾಗ. ಸೀಸನ್‌ನಲ್ಲಿ 45 ದಿನ ಮಾತ್ರ ಅವರು ಎನ್‌ಬಿಎ ತಂಡದ ಜೊತೆ ಇರಬಹುದಿತ್ತು. ಆಡಿದ ಪಂದ್ಯಗಳ ಲೆಕ್ಕವಲ್ಲ, ತಂಡದ ಜೊತೆ ಕಳೆದ ದಿನಗಳ ಲೆಕ್ಕ. ಮಾಮೂಲಿ ನಿಯಮದ ಪ್ರಕಾರ ಸೀಸನ್ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಆಡುವ ಹಾಗೂ ಇಲ್ಲ. (ಈಗ ನಿಯಮ ಬದಲಾಗಿದೆ: ತಂಡಕ್ಕೆ ಮೂವರು, ದಿನಗಳ ಬದಲು 50 ಪಂದ್ಯಗಳ ಮಿತಿ.) ಹೀಗಾಗಿ ಆಗ ಟೂ-ವೇ ಆಟಗಾರ ಕೋರ್ಟಿಗಿಳಿದ ಪ್ರತಿ ಸಂಜೆಯೂ ಅವನ ಖಾತೆಯಿಂದ ಒಂದು ದಿನ ಖರ್ಚಾಗುತ್ತಿತ್ತು. ಖಾತೆ ಖಾಲಿಯಾಗುವುದರೊಳಗೆ, ಇವನನ್ನು ಪೂರ್ತಿ ಒಪ್ಪಂದಕ್ಕೆ ತೆಗೆದುಕೊಳ್ಳಲೇಬೇಕು ಎಂದು ತಂಡಕ್ಕೆ ಅನ್ನಿಸಬೇಕಿತ್ತು.

ಅಷ್ಟು ಕಡಿಮೆ ಸಮಯದಲ್ಲಿ ಪಾಯಿಂಟ್ ಗಳಿಸಿ ಹೆಸರು ಮಾಡುವುದು ಕಷ್ಟ, ಯಾಕೆಂದರೆ ಹೊಸಬನ ಕೈಗೆ ಯಾರೂ ಚೆಂಡು ಕೊಡುವುದಿಲ್ಲ. ಆ ವರ್ಷದ ಥಂಡರ್‌ನಲ್ಲಿ ಚೆಂಡು ಕ್ರಿಸ್ ಪಾಲ್, ಶೈ ಗಿಲ್ಜಸ್-ಅಲೆಕ್ಸಾಂಡರ್, ಡೆನ್ನಿಸ್ ಶ್ರೂಡರ್ ಕೈಯಲ್ಲಿರುತ್ತಿತ್ತು. ಡಿಫೆನ್ಸ್ ಹಾಗಲ್ಲ. ಅದಕ್ಕೆ ಯಾರ ಅನುಮತಿಯೂ ಬೇಡ, ಯಾರೂ ಪಾಸ್ ಕೊಡಬೇಕಿಲ್ಲ. ಎದುರಾಳಿ ಚೆಂಡು ಹಿಡಿದು ಬಂದಾಗ ಅವನ ಮುಂದೆ ನಿಂತರೆ ಕೆಲಸ ಶುರುವಾಯಿತು. ಡಾರ್ಟ್ 2019ರ ಡಿಸೆಂಬರ್‌ನಲ್ಲಿ ಮೊದಲ ಪಂದ್ಯ ಆಡಿ, ಕೆಲವೇ ವಾರಗಳಲ್ಲಿ ಆರಂಭದ ಐವರಲ್ಲಿ ಒಬ್ಬರಾದರು. ಆ ಸೀಸನ್‌ನಲ್ಲಿ ಅವರ ಸರಾಸರಿ ಪಂದ್ಯಕ್ಕೆ ಏಳು ಪಾಯಿಂಟ್‌ಗೂ ಕಡಿಮೆ. ಅವರನ್ನು ಆರಂಭದಿಂದಲೇ ಇಳಿಸಿದ್ದು ಎದುರಾಳಿಯ ಅತ್ಯಂತ ಅಪಾಯಕಾರಿ ಆಟಗಾರನಿಗೆ ಅಂಟಿಕೊಳ್ಳಲಿ ಎಂಬ ಒಂದೇ ಕಾರಣಕ್ಕೆ.

ಅಂಟಿಕೊಳ್ಳುವುದು ಎಂದರೇನು ಎಂದು ಬಿಡಿಸಿ ನೋಡೋಣ. ಉದಾಹರಣೆಗೆ ಆ ವರ್ಷದ ಜೇಮ್ಸ್ ಹಾರ್ಡನ್‌ಗಿಂತ ಒಳ್ಳೆಯವರು ಸಿಗುವುದಿಲ್ಲ. ಹ್ಯೂಸ್ಟನ್ ರಾಕೆಟ್ಸ್ ಪರ ಆಡುತ್ತಿದ್ದ ಹಾರ್ಡನ್ 2019-20ರಲ್ಲಿ ಪಂದ್ಯಕ್ಕೆ 34.3 ಪಾಯಿಂಟ್ ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗರು. ರಾಕೆಟ್ಸ್ ತಂಡ ಆ ಫೆಬ್ರವರಿಯಲ್ಲಿ ತನ್ನ ಸೆಂಟರ್, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ, ಕ್ಲಿಂಟ್ ಕಪೇಲಾರನ್ನೇ ಬೇರೆಡೆಗೆ ಕಳಿಸಿತ್ತು. ಉಳಿದ ನಾಲ್ವರು ತ್ರೀ-ಪಾಯಿಂಟ್ ಗೆರೆಯ ಸುತ್ತ ಚದುರಿ ನಿಂತರೆ ನಡುವಿನ ಜಾಗವೆಲ್ಲ ಖಾಲಿ; ಅಲ್ಲಿ ಹಾರ್ಡನ್ ಮತ್ತು ಅವರನ್ನು ಕಾಯುವವನು ಇಬ್ಬರೇ.

ಹಾರ್ಡನ್ ಎಡಗೈ ಆಟಗಾರ. ಕಾಲುಗಳ ನಡುವೆ ಚೆಂಡು ಪುಟಿಸುತ್ತ, ಅವಸರವಿಲ್ಲದೆ, ಎದುರಿನವನ ಪಾದ ನೋಡುತ್ತಾರೆ. ಕಾಯುವವನ ಭಾರ ಒಂದು ಕಾಲಿನ ಮೇಲೆ ವಾಲಿದ ಕ್ಷಣಕ್ಕೆ ಎಡಕ್ಕೆ ನುಗ್ಗುತ್ತಾರೆ. ನುಗ್ಗುತ್ತಾರೆಂದು ಅವನು ಹಿಂದೆ ಸರಿದರೆ, ತಾವೂ ಹಿಂದಕ್ಕೆ ಜಿಗಿದು ತ್ರೀ ಎಸೆಯುತ್ತಾರೆ. ಇದೇ ಅವರ ಹೆಸರಾಂತ ಸ್ಟೆಪ್-ಬ್ಯಾಕ್. ಇದನ್ನು ತಡೆಯಲು ಅವನು ಕೈ ಮುಂದೆ ಚಾಚಿದನೋ, ಹಾರ್ಡನ್ ಚೆಂಡನ್ನು ಆ ಕೈಯ ಕೆಳಗಿಂದ ಮೇಲೆತ್ತಿ ತೋಳಿಗೆ ತೋಳು ಸಿಕ್ಕಿಸುತ್ತಾರೆ. ರೆಫರಿ ಫೌಲ್ ಎಂದು ಸೀಟಿ ಊದುತ್ತಾರೆ, ಯಾರೂ ಅಡ್ಡ ಬರದ ಫ್ರೀ ಥ್ರೋ ಸಿಗುತ್ತದೆ. ಆ ಸೀಸನ್‌ನಲ್ಲಿ ಅವರು ಪಂದ್ಯಕ್ಕೆ ಸುಮಾರು 12 ಫ್ರೀ ಥ್ರೋ ಎಸೆದಿದ್ದರು. ಅಂದರೆ ಹಾರ್ಡನ್ ಎದುರು ಸೋತವರಲ್ಲಿ ಎಷ್ಟೋ ಜನ ಸೋತದ್ದು ಕಾಲಿನಿಂದಲ್ಲ, ಕೈಯಿಂದ.

ಡಾರ್ಟ್ ಮಾಡಿದ್ದರಲ್ಲಿ ಮುಖ್ಯವಾದದ್ದು ಕೈಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡದ್ದು. ಸೊಂಟ ತಗ್ಗಿಸಿ, ಮುಂಗೈಗಳನ್ನು ಹಿಂದಕ್ಕೆ ಎಳೆದುಕೊಂಡು, ಎದೆಯನ್ನು ಮಾತ್ರ ದಾರಿಗೆ ಅಡ್ಡ ಇಟ್ಟು, ಪಾದಗಳನ್ನು ಜಾರಿಸುತ್ತ ಪಕ್ಕಕ್ಕೆ ಸರಿಯುವುದು. ಕಾಲು ಕತ್ತರಿ ಹಾಕಿದರೆ ಮುಗಿಯಿತು, ತಿರುಗುವಷ್ಟರಲ್ಲಿ ಹಾರ್ಡನ್ ದಾಟಿರುತ್ತಾರೆ. ಇಲ್ಲಿ ಡಾರ್ಟ್ ಮೈಕಟ್ಟು ನೆರವಿಗೆ ಬರುತ್ತದೆ. ಎತ್ತರ ಸಾಧಾರಣವಾದರೂ ತೂಕ ನೂರು ಕಿಲೋ ಹತ್ತಿರ. ಹಾರ್ಡನ್ ಭುಜ ಕೊಟ್ಟು ನೂಕಿದರೆ ಬೇರೆ ಗಾರ್ಡ್‌ಗಳು (ಬುಟ್ಟಿಯಿಂದ ದೂರ ಆಡುವ, ಸಾಮಾನ್ಯವಾಗಿ ಕಡಿಮೆ ಎತ್ತರದ ಆಟಗಾರರು) ಅರ್ಧ ಹೆಜ್ಜೆ ಹಿಂದೆ ಹೋಗುತ್ತಾರೆ, ಆ ಅರ್ಧ ಹೆಜ್ಜೆಯೇ ಶಾಟ್‌ಗೆ ಬೇಕಾದ ಜಾಗ. ಡಾರ್ಟ್ ಕದಲುತ್ತಿರಲಿಲ್ಲ.

ಇನ್ನೊಂದು ಅಡ್ಡಿ ಸ್ಕ್ರೀನ್. ಚೆಂಡು ಹಿಡಿದವನ ಜೊತೆಗಾರ ಬಂದು ಡಿಫೆಂಡರ್‌ನ ದಾರಿಯಲ್ಲಿ ಕಂಬದಂತೆ ನಿಲ್ಲುತ್ತಾನೆ. ಆಗ ಮೂರು ದಾರಿ. ಕಂಬದ ಹಿಂಬದಿಯಿಂದ ಸುತ್ತಿ ಬಂದರೆ ಎದುರಾಳಿಗೆ ಶಾಟ್ ಎಸೆಯಲು ಸಮಯ ಸಿಗುತ್ತದೆ. ಜೊತೆಗಾರನಿಗೆ ಎದುರಾಳಿಯನ್ನು ಒಪ್ಪಿಸಿ ಆಳು ಬದಲಿಸಿಕೊಂಡರೆ, ಅದುವೇ ಸ್ವಿಚ್. ಹಾರ್ಡನ್‌ನಂಥವರು ಬಯಸುವುದೂ ಅದನ್ನೇ, ತಂಡದ ಅತಿ ದುರ್ಬಲ ಡಿಫೆಂಡರ್ ತಮ್ಮ ಮುಂದೆ ಬಂದು ನಿಲ್ಲಲಿ ಎಂದು. ಮೂರನೆಯದು, ಕಂಬಕ್ಕೂ ಎದುರಾಳಿಗೂ ನಡುವಿನ ಸಂದಿಯಲ್ಲಿ ಮೈ ಓರೆ ಮಾಡಿ ನುಸುಳಿ ಮತ್ತೆ ಅವನ ಮುಂದೆ ಬರುವುದು. ಪಕ್ಕೆಲುಬಿಗೆ ಪೆಟ್ಟು ಬೀಳುವ ಕೆಲಸ. ಒಂದು ಪಂದ್ಯದಲ್ಲಿ ಹತ್ತಾರು ಸಲ ಮಾಡಬೇಕು. ಡಾರ್ಟ್‌ಗೆ ಸಂಬಳ ಬರುವುದು ಈ ಮೂರನೆಯದಕ್ಕೆ ಎಂದರೆ ಹೆಚ್ಚೇನೂ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಸ್ಕೋರ್‌ಶೀಟ್‌ನಲ್ಲಿ ಏನು ದಾಖಲಾಗುತ್ತದೆ? ಬಹುಪಾಲು ಏನೂ ಇಲ್ಲ. ಹಾರ್ಡನ್ ಬೇಸತ್ತು ಪಾಸ್ ಕೊಟ್ಟರೆ, ಆ ಪಾಸ್ ಹಿಡಿದವನು ಎಸೆದು ತಪ್ಪಿದರೆ, ಲೆಕ್ಕಕ್ಕೆ ಬರುವುದು ತಪ್ಪಿದವನ ಹೆಸರು, ತಪ್ಪಿ ಪುಟಿದ ಚೆಂಡನ್ನು (ರೀಬೌಂಡ್) ಹಿಡಿದವನ ಹೆಸರು. ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ಯಾರು ನಿಂತಿದ್ದಾರೆಂದು ನೋಡಿ ಬ್ಯಾಟ್ಸ್‌ಮನ್ ಓಡದೆ ಬಿಟ್ಟ ಸಿಂಗಲ್ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಇರುವುದಿಲ್ಲವಲ್ಲ, ಇದೂ ಹಾಗೆ.

ಲೆಕ್ಕ ಹಾಕುವ ಪ್ರಯತ್ನಗಳು ನಡೆದೇ ಇವೆ. ಅಂಗಣದ ಚಾವಣಿಯ ಕ್ಯಾಮೆರಾಗಳು ಹತ್ತೂ ಆಟಗಾರರ ಚಲನೆಯನ್ನು ಸೆಕೆಂಡಿಗೆ ಹಲವು ಬಾರಿ ದಾಖಲಿಸುತ್ತವೆ. ಯಾರು ಯಾರನ್ನು ಎಷ್ಟು ಹೊತ್ತು ಕಾದರು, ಆಗ ಎಷ್ಟು ಶಾಟ್ ಬಿದ್ದವು ಎಂಬುದನ್ನು ಎನ್‌ಬಿಎ ಈಗ ಪ್ರಕಟಿಸುತ್ತದೆ. ಚೆಂಡಿಗೆ ಬೆರಳು ತಾಗಿಸಿ ದಿಕ್ಕು ತಪ್ಪಿಸಿದ್ದನ್ನು, ಮೈಯೊಡ್ಡಿ ಬಿದ್ದು ಎದುರಾಳಿಯ ಮೇಲೆ ಫೌಲ್ ತಂದದ್ದನ್ನು, ಶಾಟ್‌ಗೆ ಕೈ ಅಡ್ಡ ಹಿಡಿದದ್ದನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ಆದರೆ ಈ ಅಂಕಿಗಳನ್ನು ಉಪ್ಪಿನಕಾಯಿಯಷ್ಟೇ ಬಳಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಖಾಲಿ ನಿಂತು ಎಸೆದ ತ್ರೀ ತಪ್ಪುವುದೂ ಉಂಟು, ಮೂಗಿನ ಮುಂದೆ ಕೈ ಇದ್ದರೂ ಬೀಳುವುದುಂಟು. ಹತ್ತಿಪ್ಪತ್ತು ಶಾಟ್‌ಗಳ ಮಟ್ಟಿಗೆ ಅದೃಷ್ಟದ ಪಾಲೇ ಜಾಸ್ತಿ. ತಂಡದ ಅತ್ಯಂತ ಕಷ್ಟದ ಎದುರಾಳಿಯನ್ನು ದಿನಾ ಕಾಯುವವನ ಅಂಕಿಗಳು ಅಂಗಣದ ಮೂಲೆಯಲ್ಲಿ (ಕಾರ್ನರ್) ಸುಮ್ಮನೆ ನಿಂತವನನ್ನು ಕಾಯುವವನಿಗಿಂತ ಕೆಟ್ಟದಾಗಿ ಕಾಣುವುದೂ ಸಹಜ. ಕೋಚ್‌ಗಳು ನೋಡುವುದು ಇನ್ನೂ ಸರಳವಾದದ್ದನ್ನು: ಇವನಿಗೆ ಒಬ್ಬನನ್ನು ಒಪ್ಪಿಸಿದರೆ ಉಳಿದ ನಾಲ್ವರು ತಮ್ಮ ಆಳನ್ನು ಬಿಟ್ಟು ನೆರವಿಗೆ ಓಡಬೇಕಾಗುತ್ತದೆಯೇ, ಇಲ್ಲವೇ? ಓಡಬೇಕಿಲ್ಲ ಎಂದಾದರೆ ಅವನು ಆಡುತ್ತಾನೆ.

2020ರ ಜೂನ್‌ನಲ್ಲಿ, ಕೋವಿಡ್‌ನಿಂದ ಲೀಗ್ ನಿಂತಿದ್ದಾಗ, ಥಂಡರ್ ಡಾರ್ಟ್‌ಗೆ ನಾಲ್ಕು ವರ್ಷಗಳ ಪೂರ್ಣ ಒಪ್ಪಂದ ಕೊಟ್ಟಿತು. ಒಟ್ಟು ಮೊತ್ತ ಸುಮಾರು 54 ಲಕ್ಷ ಡಾಲರ್. ನಮಗೆ ದೊಡ್ಡದು, ಎನ್‌ಬಿಎ ಲೆಕ್ಕದಲ್ಲಿ ತೀರಾ ಅಗ್ಗ.

ಆಮೇಲೆ ಪ್ಲೇಆಫ್. ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದಲ್ಲಿ, ಪ್ರೇಕ್ಷಕರಿಲ್ಲದೆ, ಹೊರಗಿನವರ ಸಂಪರ್ಕವಿಲ್ಲದೆ 22 ತಂಡಗಳನ್ನು ಕೂಡಿಹಾಕಿ ಲೀಗ್ ಮುಂದುವರಿಸಿದರು. ಮೊದಲ ಸುತ್ತಿನಲ್ಲೇ ಥಂಡರ್‌ಗೆ ಎದುರಾದದ್ದು ರಾಕೆಟ್ಸ್. ಮೊಣಕಾಲಿನ ನೋವಿನಿಂದ ಡಾರ್ಟ್ ಮೊದಲ ಪಂದ್ಯ ತಪ್ಪಿಸಿಕೊಂಡರು, ಎರಡನೆಯದರಿಂದ ಹಾರ್ಡನ್ ಬೆನ್ನು ಬಿದ್ದರು.

ಈ ಸರಣಿಯನ್ನು ಡಾರ್ಟ್ ಹಾರ್ಡನ್‌ರನ್ನು ಕಟ್ಟಿಹಾಕಿದ ಕಥೆಯಾಗಿ ಹೇಳುವುದು ರೂಢಿ. ಅದು ಅರ್ಧ ಕಥೆ ಮಾತ್ರ. ಉಳಿದರ್ಧ ರಾಕೆಟ್ಸ್ ತಿರುಗಿಸಿ ಕೊಟ್ಟ ಉತ್ತರ. ಡಾರ್ಟ್ ಶೂಟರ್ ಅಲ್ಲವೆಂದು ಗೊತ್ತಿದ್ದ ರಾಕೆಟ್ಸ್ ಆಟಗಾರರು ಅವರನ್ನು ಬೇಕೆಂದೇ ಖಾಲಿ ಬಿಟ್ಟರು. ಡಾರ್ಟ್ ಕೈಗೆ ಚೆಂಡು ಬಂದಾಗ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಅವರನ್ನು ಕಾಯಬೇಕಾದವನು ಬುಟ್ಟಿಯ ಬಳಿ ನಿಂತು ಪಾಲ್, ಗಿಲ್ಜಸ್-ಅಲೆಕ್ಸಾಂಡರ್ ನುಗ್ಗುವ ದಾರಿಗೆ ಅಡ್ಡವಾಗುತ್ತಿದ್ದ. ಎಸೆಯಪ್ಪ, ಎಸೆದು ತೋರಿಸು ಎಂಬ ಸವಾಲು. ಐದನೇ ಪಂದ್ಯದಲ್ಲಿ ಡಾರ್ಟ್ ಒಂಬತ್ತು ತ್ರೀ ಎಸೆದರು, ಒಂದೂ ಬೀಳಲಿಲ್ಲ. ಥಂಡರ್ 114-80ರಿಂದ ನೆಲಕಚ್ಚಿತು.

ಡಿಫೆನ್ಸ್‌ನಿಂದಲೇ ಬದುಕುವವರ ಪಾಲಿನ ಉರುಳು ಇದು. ಮಾಮೂಲಿ ಸೀಸನ್‌ನಲ್ಲಿ ಎದುರಾಳಿಗಳು ಎರಡು ದಿನಕ್ಕೊಂದು ಹೊಸ ತಂಡ ನೋಡುತ್ತಾರೆ, ಒಬ್ಬನ ದೌರ್ಬಲ್ಯಕ್ಕೆಂದೇ ಯೋಜನೆ ಹಾಕಲು ಪುರುಸೊತ್ತಿಲ್ಲ. ಪ್ಲೇಆಫ್‌ನಲ್ಲಿ ಅದೇ ತಂಡದೊಂದಿಗೆ ಏಳು ಪಂದ್ಯದವರೆಗೆ ಸೆಣಸಬೇಕು. ಅಲ್ಲಿ ಶೂಟ್ ಮಾಡಲು ಬಾರದ ಡಿಫೆಂಡರ್ ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕಳೆಯುತ್ತಾನೆ, ಕೋಚ್ ಕೊನೆಗೆ ಅವನನ್ನು ಬೆಂಚಿನಲ್ಲಿ ಕೂರಿಸುತ್ತಾರೆ. ಡಾರ್ಟ್‌ಗೂ ಮೊದಲು ಡ್ರಾಫ್ಟ್‌ನಲ್ಲಿ ಯಾರೂ ಕರೆಯದ ಬ್ರೂಸ್ ಬೋವೆನ್ ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೊತೆ ಮೂರು ಚಾಂಪಿಯನ್‌ಶಿಪ್ ಗೆದ್ದದ್ದು ಡಿಫೆನ್ಸ್‌ಗೆ ಕಾರ್ನರ್ ತ್ರೀಯನ್ನು ಜೋಡಿಸಿಕೊಂಡ ಮೇಲೆ. 2002-03ರಲ್ಲಿ ತ್ರೀ-ಪಾಯಿಂಟ್ ಶೇಕಡಾವಾರಿನಲ್ಲಿ ಬೋವೆನ್ ಲೀಗ್‌ಗೇ ಮೊದಲಿಗರು, ಶೇ 44. ತಮಾಷೆಯೆಂದರೆ ಅದೇ ಸೀಸನ್‌ನಲ್ಲಿ ಯಾರೂ ಅಡ್ಡವಿಲ್ಲದ ಫ್ರೀ ಥ್ರೋ ಗೆರೆಯಿಂದ ಅವರ ಲೆಕ್ಕ ಶೇ 40. ಅಭ್ಯಾಸ ಮಾಡಿದ್ದು ಆ ಒಂದು ಜಾಗದಿಂದ, ಆ ಒಂದು ಶಾಟ್ ಮಾತ್ರ!

ಐದನೇ ಪಂದ್ಯದ ನಂತರವೂ ಥಂಡರ್ ಕೋಚ್ ಬಿಲ್ಲಿ ಡೊನೊವನ್ ಡಾರ್ಟ್‌ರನ್ನು ಕೈಬಿಡಲಿಲ್ಲ. ಬಿಟ್ಟರೆ ಹಾರ್ಡನ್ ಮುಂದೆ ನಿಲ್ಲಿಸಲು ಬೇರೆ ಯಾರಿದ್ದರು? ಆರನೆಯದನ್ನು ಥಂಡರ್ ಗೆದ್ದು ಸರಣಿ 3-3 ಆಯಿತು.

ಸೆಪ್ಟೆಂಬರ್ 2ರ ರಾತ್ರಿ, ನಮ್ಮಲ್ಲಿ 3ರ ಬೆಳಿಗ್ಗೆ, ಏಳನೇ ಪಂದ್ಯ. ರಾಕೆಟ್ಸ್ ಯೋಜನೆ ಬದಲಾಗಲಿಲ್ಲ, ಡಾರ್ಟ್‌ರನ್ನು ಖಾಲಿ ಬಿಟ್ಟರು. ಡಾರ್ಟ್ 12 ತ್ರೀ ಎಸೆದು ಆರನ್ನು ಬುಟ್ಟಿಗೆ ಹಾಕಿದರು. ಒಟ್ಟು 30 ಪಾಯಿಂಟ್, ಆ ರಾತ್ರಿ ತಮ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು. ಅವರ ಕಾವಲಿನಲ್ಲಿದ್ದ ಹಾರ್ಡನ್ 15 ಶಾಟ್‌ಗಳಲ್ಲಿ ನಾಲ್ಕನ್ನು ಮಾತ್ರ ಹಾಕಿ 17 ಪಾಯಿಂಟ್‌ಗೆ ನಿಂತರು. ಒಂಬತ್ತು ತ್ರೀಗಳಲ್ಲಿ ಬಿದ್ದದ್ದು ಒಂದು.

ಕೊನೆಯ ಕೆಲವು ಸೆಕೆಂಡ್‌ಗಳು. ರಾಕೆಟ್ಸ್ ಒಂದು ಪಾಯಿಂಟ್ ಮುಂದೆ. ಚೆಂಡು ಡಾರ್ಟ್ ಕೈಗೆ ಬಂತು, ಗೆರೆಯ ಹೊರಗೆ. ಅವರು ತ್ರೀಗೆ ಎದ್ದರು. ಈ ಸಲ ಖಾಲಿ ಬಿಡಲಿಲ್ಲ: ಡಿಫೆನ್ಸ್ ಎಂದರೆ ಅಷ್ಟಕ್ಕಷ್ಟೇ ಎಂದು ವರ್ಷಗಟ್ಟಲೆ ಗೇಲಿಗೊಳಗಾಗಿದ್ದ ಹಾರ್ಡನ್ ಓಡಿ ಬಂದು, ಜಿಗಿದು, ಆ ಶಾಟನ್ನು ಬ್ಲಾಕ್ ಮಾಡಿದರು. ಗೆರೆ ದಾಟುತ್ತಿದ್ದ ಚೆಂಡನ್ನು ಡಾರ್ಟ್ ಹಿಡಿದು ಹಾರ್ಡನ್ ಮೈಗೆ ಬಡಿಯಲೆಂದು ಎಸೆದರು, ತಾಗಿದ್ದರೆ ಚೆಂಡು ಮತ್ತೆ ಥಂಡರ್‌ಗೆ. ಹಾರ್ಡನ್ ಮೈ ತಪ್ಪಿಸಿಕೊಂಡರು. 104-102, ಥಂಡರ್ ಮನೆಗೆ. ಲೀಗ್‌ನ ಅತಿ ದೊಡ್ಡ ಸ್ಕೋರರ್ ಡಿಫೆನ್ಸ್‌ನಿಂದ ಪಂದ್ಯ ಉಳಿಸಿದರು, ಡಿಫೆಂಡರ್ ಎಂದು ಕರೆತಂದ ಹುಡುಗ ಸ್ಕೋರರ್ ಆಗಿ ಸೋತ!

ನಂತರದ ವರ್ಷಗಳಲ್ಲಿ ಡಾರ್ಟ್ ಮಾಡಿದ್ದನ್ನು ಒಂದು ಸಾಲು ಅಂಕಿಗಳಲ್ಲೇ ಓದಬಹುದು. ತ್ರೀ-ಪಾಯಿಂಟ್ ಶೇಕಡಾವಾರು ಮೊದಲ ವರ್ಷ 30ಕ್ಕೂ ಕಡಿಮೆ, ಮುಂದಿನ ಮೂರು ವರ್ಷ 33-34ರಲ್ಲೇ ಹೊಯ್ದಾಟ, 2023-24ರಲ್ಲಿ 39.4, 2024-25ರಲ್ಲಿ 41.2. ನಡುವೆ 2021ರ ಏಪ್ರಿಲ್‌ನಲ್ಲಿ ಯೂಟಾ ಜಾಜ್ ವಿರುದ್ಧ 42 ಪಾಯಿಂಟ್ ಚಚ್ಚಿದ್ದೂ ಉಂಟು. ತಂಡ ಆಗ ಸೋಲುತ್ತಿದ್ದ ತಂಡ, ಯಾರು ಬೇಕಾದರೂ ಎಷ್ಟು ಬೇಕಾದರೂ ಎಸೆಯಬಹುದಿತ್ತು. ಒಂದು ಸೀಸನ್‌ನಲ್ಲಿ ಅವರ ಸರಾಸರಿ 17 ದಾಟಿತ್ತು. ಥಂಡರ್ ಚಾಂಪಿಯನ್ ಆದ 2024-25ರಲ್ಲಿ ಸರಾಸರಿ ಹತ್ತು. ಶಾಟ್‌ಗಳ ಸಂಖ್ಯೆ ಇಳಿದು ಗುರಿ ಏರಿತು. ಹೆಸರು ಬಂದ ಮೇಲೆ ಕಡಿಮೆ ಎಸೆಯಲು ಒಪ್ಪುವ ಆಟಗಾರರು ಕಡಿಮೆ, ಹಾಗಾಗಿ ಇದನ್ನು ನಾನು ಅವರ ಡಿಫೆನ್ಸ್‌ನಷ್ಟೇ ದೊಡ್ಡದೆಂದು ಎಣಿಸುತ್ತೇನೆ. 2022ರಲ್ಲಿ ಥಂಡರ್ ಅವರೊಂದಿಗೆ ಐದು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡಿತು, ಈ ಬಾರಿ ಮೊತ್ತ 8 ಕೋಟಿ ಡಾಲರ್‌ಗೂ ಹೆಚ್ಚು.

2024-25ರಲ್ಲಿ ಥಂಡರ್ 68 ಪಂದ್ಯ ಗೆದ್ದಿತು, ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಅದರದೇ. ಫೈನಲ್‌ನಲ್ಲಿ ಇಂಡಿಯಾನಾ ಪೇಸರ್ಸ್ ವಿರುದ್ಧ ಏಳು ಪಂದ್ಯಗಳ ಸೆಣಸಾಟದ ನಂತರ ಪ್ರಶಸ್ತಿ. ಆ ತಂಡದಲ್ಲಿ ಡ್ರಾಫ್ಟ್ ಕಾಣದ ಇನ್ನೊಬ್ಬ ಡಿಫೆಂಡರ್ ಇದ್ದರು, ಅಲೆಕ್ಸ್ ಕರೂಸೊ. 2016ರಲ್ಲಿ ಅವರನ್ನೂ ಯಾರೂ ಕರೆದಿರಲಿಲ್ಲ. ಇದೇ ಥಂಡರ್ ಅವರನ್ನು ಸೇರಿಸಿಕೊಂಡು, ಸೀಸನ್ ಶುರುವಾಗುವ ಮೊದಲೇ ಕೈಬಿಟ್ಟು, ತನ್ನ ಜಿ ಲೀಗ್ ತಂಡ ಬ್ಲೂಗೆ ಕಳಿಸಿತ್ತು. ಆಗ ಬ್ಲೂ ಕೋಚ್ ಆಗಿದ್ದವರು ಮಾರ್ಕ್ ಡೇನೊ, ಈಗ ಥಂಡರ್ ಕೋಚ್. ಲೇಕರ್ಸ್, ಶಿಕಾಗೊ ಎಂದು ಸುತ್ತಿ 2024ರಲ್ಲಿ ಕರೂಸೊ ಮರಳಿ ಬಂದಾಗ ತಂಡ ಅವರಿಗಾಗಿ ತನ್ನ ಆರಂಭದ ಐವರಲ್ಲಿ ಒಬ್ಬರಾಗಿದ್ದ ಜಾಶ್ ಗಿಡ್ಡಿಯನ್ನೇ ಬಿಟ್ಟುಕೊಟ್ಟಿತ್ತು. 2025ರ ಪ್ಲೇಆಫ್‌ನಲ್ಲಿ ಡೆನ್ವರ್ ವಿರುದ್ಧದ ಏಳನೇ ಪಂದ್ಯದಲ್ಲಿ ಸುಮಾರು ಏಳು ಅಡಿಯ ನಿಕೋಲಾ ಯೋಕಿಚ್‌ಗೆ ಈ 6 ಅಡಿ 5 ಇಂಚಿನ ಗಾರ್ಡ್ ಅಂಟಿಕೊಂಡು ನಿಂತದ್ದನ್ನು ನೋಡಿದವರು ಮರೆಯಲಾರರು.

ಡಾರ್ಟ್ ಬಗ್ಗೆ ಎಲ್ಲರಿಗೂ ಒಳ್ಳೆಯ ಮಾತಿಲ್ಲ. ಅವರು ಹಿಡಿಯುತ್ತಾರೆ, ನೂಕುತ್ತಾರೆ, ಪ್ರತಿ ಸಲವೂ ಸೀಟಿ ಊದಲು ಆಗದೆಂದು ಗೊತ್ತಿದ್ದೇ ಗೆರೆಯಂಚಿನಲ್ಲಿ ಆಡುತ್ತಾರೆ ಎಂಬುದು ಎದುರಾಳಿ ಅಭಿಮಾನಿಗಳ ದೂರು. ಸಣ್ಣ ತಾಗುವಿಕೆಗೂ ದೊಡ್ಡದಾಗಿ ಬೀಳುತ್ತಾರೆ ಎಂಬುದು ಇನ್ನೊಂದು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆರು ಫೌಲ್ ಆದರೆ ಹೊರಗೆ ಹೋಗಬೇಕಾದ ಆಟದಲ್ಲಿ, ಯಾವ ರೆಫರಿ ಯಾವುದಕ್ಕೆ ಊದುತ್ತಾರೆಂದು ಮೊದಲ ಹತ್ತು ನಿಮಿಷದಲ್ಲೇ ಅಳೆದುಕೊಳ್ಳುವುದು ಈ ಕಸುಬಿನ ಒಂದು ಭಾಗವೇ. ಬೋವೆನ್ ಮೇಲೂ ಇಂಥವೇ ದೂರುಗಳಿದ್ದವು. 2025ರಲ್ಲಿ ಮತ ಹಾಕಿದವರು ಇದನ್ನೆಲ್ಲ ನೋಡಿಯೂ ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯ ಪಟ್ಟಿಯಲ್ಲಿ ಡಾರ್ಟ್‌ಗೆ ನಾಲ್ಕನೇ ಸ್ಥಾನ ಕೊಟ್ಟರು.